ಗೌರೀಶಂಕರನ ಬಾಲ್ ಬ್ಯಾಡ್ಮಿಂಟನ್

ಹೊಳೆನರಸೀಪುರದ ಹೈಸ್ಕೂಲು ಮೈದಾನದ ಎದುರಿಗೆ ಮೋಟಾರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಗೌರೀಶಂಕರನಿಗೆ ಎರಡೇ ಕೆಲಸ. ಒಂದು, ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು. ಇನ್ನೊಂದು, ವಾದ ಮಾಡುವುದು. ತಂತಿ ಸುತ್ತುವುದರಲ್ಲಿ ಅವನು ಯಾರಿಗೂ ಮೋಸ ಮಾಡಿದವನಲ್ಲ.

ಅಂಗಡಿಯ ಮುಂದೆ ಒಂದು ಕಲ್ಲುಬೆಂಚು. ಸಂಜೆಯಾಯಿತೆಂದರೆ ಹಾಲಿನ ಡೇರಿಯ ಪಾಲಾಕ್ಷ, ಬೇಕರಿಯ ರವೀಂದ್ರ ಬಂದು ಅಲ್ಲಿ ಕೂರುತ್ತಾರೆ. ಪಾಲಾಕ್ಷ ಹಳೇ ಕಬಡ್ಡಿ ಆಟಗಾರ. ರವೀಂದ್ರ ಬ್ಯಾಟು ಹಿಡಿದದ್ದಕ್ಕಿಂತ ಟೀವಿಯಲ್ಲಿ ಕ್ರಿಕೆಟ್ ನೋಡಿದ್ದೇ ಜಾಸ್ತಿ, ಬಾಯಿ ಮಾತ್ರ ಕ್ಯಾಪ್ಟನ್‌ನದು. ಯಾವುದು ಆಟ, ಯಾವುದು ಆಟವಲ್ಲ, ಯಾವುದನ್ನು ಕಲಿಯುವುದು ಎಲ್ಲಕ್ಕಿಂತ ಕಷ್ಟ, ಇದೇ ಅವರ ವಿಷಯ. ಚೆಸ್ ಕೂಡ ಕ್ರೀಡೆಯೇ ಎಂದು ಯಾರಾದರೂ ಅಂದರೆ ಪಾಲಾಕ್ಷನಿಗೆ ಮೈಯೆಲ್ಲ ಉರಿಯುತ್ತದೆ. ಬೆವರದೆ ಕೂತಲ್ಲೇ ಕೂತು ಆಡುವುದು ಕ್ರೀಡೆಯಾದರೆ ಈ ಬೆಂಚಿಗೇ ಮೊದಲು ಪದಕ ಕೊಡಬೇಕು ಎನ್ನುತ್ತಾನೆ. ಕ್ಯಾರಂ, ಹಗ್ಗಜಗ್ಗಾಟ, ಗುಂಡು ಎತ್ತುವುದು, ಎಲ್ಲವೂ ಅಲ್ಲಿ ವಿಚಾರಣೆಗೆ ಬಂದು ಹೋಗಿವೆ.

ಯಾರು ಏನೇ ಹೇಳಲಿ, ಗೌರೀಶಂಕರನ ತೀರ್ಪು ಬಾಲ್ ಬ್ಯಾಡ್ಮಿಂಟನ್. ಬಯಲಿನಲ್ಲಿ ನೆಟ್ಟು ಕಟ್ಟಿ, ಆ ಕಡೆ ಐವರು ಈ ಕಡೆ ಐವರು ನಿಂತು, ಹಳದಿ ಉಲ್ಲನ್ ಚೆಂಡನ್ನು ಬ್ಯಾಟಿನಲ್ಲಿ ಹೊಡೆಯುವ ಆಟ. ಒಂದು ಕಾಲದಲ್ಲಿ ಊರೂರಲ್ಲೂ ಇತ್ತು, ಈಗಿನ ಹುಡುಗರಿಗೆ ಹೆಸರು ಹೇಳಿದರೆ ನಗುತ್ತಾರೆ. ಹೊಳೆ ಕಡೆಯಿಂದ ಗಾಳಿ ಬೀಸಿದರೆ ಆ ಚೆಂಡು ಹೊಡೆದ ಕಡೆ ಹೋಗುವುದಿಲ್ಲ, ಇಬ್ಬನಿ ಕುಡಿದರೆ ಭಾರವಾಗಿ ದಿಢೀರನೆ ಬೀಳುತ್ತದೆ. ಶಟಲ್ ಬ್ಯಾಡ್ಮಿಂಟನ್ ಆಡುವವರು ಬಾಗಿಲು ಕಿಟಕಿ ಮುಚ್ಚಿಕೊಂಡು ಆಡುತ್ತಾರೆ, ಗಾಳಿಗೆ ಹೆದರಿದವರದೂ ಒಂದು ಆಟವೇ ಎಂದು ಗೌರೀಶಂಕರ ಕೇಳುತ್ತಾನೆ. ವಯಸ್ಸಿನಲ್ಲಿ ಅವನು ಹಾಸನ, ಚನ್ನರಾಯಪಟ್ಟಣದವರೆಗೆ ಹೋಗಿ ಗೆದ್ದು ಬಂದವನು. ಮಾತಿಗೆ ಅಷ್ಟು ಹಕ್ಕು ಅವನಿಗಿತ್ತು.

ಮಾತು ಬೆಂಚಿನ ಮೇಲೇ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಅವನಿಗೆ ಅನುಶ್ರೀ ಎಂಬ ಮಗಳಿದ್ದಳು.

ಪುಸ್ತಕ ಅವಳಿಗೆ ಅಷ್ಟಕ್ಕಷ್ಟೆ. ಬ್ಯಾಟು ಕೈಗೆ ಬಂದರೆ ಮಾತ್ರ ಆ ಹುಡುಗಿ ಬೇರೆಯೇ ಆಗಿಬಿಡುತ್ತಿದ್ದಳು. ಗೌರೀಶಂಕರ ಚಿಕ್ಕಂದಿನಿಂದಲೇ ಅವಳಿಗೆ ತನ್ನ ಆಟ ಕಲಿಸಿದ. ಬೆಳಿಗ್ಗೆ ಎದ್ದು ಮೈದಾನಕ್ಕೆ ಕರೆದೊಯ್ದು ಗಾಳಿ ನೋಡಿ ಹೊಡೆಯುವುದನ್ನು ಹೇಳಿಕೊಟ್ಟ. ಅಪ್ಪ ಶಹಬ್ಬಾಸ್ ಎಂದರೆ ಅವಳಿಗೆ ಹೊಟ್ಟೆ ತುಂಬುತ್ತಿತ್ತು. ಮುಂದೆ ಪಿ.ಟಿ. ಮೇಡಂ ಆಗಬೇಕೆನ್ನುವುದು ಅವಳಿಗಿದ್ದ ಒಂದೇ ಆಸೆ.

ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಅರಕಲಗೂಡಿನಲ್ಲಿ ನಡೆದ ಪಂದ್ಯಕ್ಕೆ ಹಾಸನದ ಶಟಲ್ ಕೋಚ್ ಕಾಂತರಾಜು ಬಂದಿದ್ದರು. ಹುಡುಗಿಯ ಮಣಿಕಟ್ಟಿನ ತಿರುವು ನೋಡಿ ಬೆರಗಾಗಿ, ಮರುವಾರವೇ ಅಂಗಡಿ ಹುಡುಕಿಕೊಂಡು ಬಂದರು. ಶಟಲ್‌ಗೆ ಬಿಡಿ, ನಾನು ತಯಾರು ಮಾಡುತ್ತೇನೆ, ಮುಂದೆ ಕಾಲೇಜಿಗೂ ಅನುಕೂಲ ಎಂದರು. ಗೌರೀಶಂಕರ ಅವರಿಗೆ ಟೀ ತರಿಸಿಕೊಟ್ಟು, ಶಟಲ್ ಯಾಕೆ ಸುಲಭದ ಆಟ ಎಂದು ವಿವರಿಸಿದ. ಅವರು ನಗುನಗುತ್ತಲೇ ಒಂದೊಂದಕ್ಕೂ ಉತ್ತರ ಕೊಟ್ಟರು. ವಾದ ತನ್ನ ಕೈ ತಪ್ಪುತ್ತಿದೆ ಅನ್ನಿಸಿದಾಗ, ಮಗಳಿಗೇ ಶಟಲ್ ಇಷ್ಟವಿಲ್ಲ ಎಂದುಬಿಟ್ಟ. ಅಲ್ಲಿಗೆ ಮಾತು ಮುಗಿಯಿತು. ಮಗಳು ಆಗ ಸ್ಕೂಲಿನಲ್ಲಿದ್ದಳು. ಕೋಚ್ ಬಂದು ಹೋದದ್ದು ಬೆಂಚಿಗೆ ಗೊತ್ತಾಯಿತು, ಗೌರೀಶಂಕರ ಅದನ್ನು ಗೆಲುವಿನ ಕಥೆಯಾಗಿ ಎಷ್ಟೋ ಸಲ ಹೇಳಿದ. ಮನೆಯಲ್ಲಿ ಮಾತ್ರ ಹೇಳಲಿಲ್ಲ.

ಈ ವರ್ಷ ಅನುಶ್ರೀಯ ಪಿಯುಸಿ ಹೇಗೋ ದಾಟಿತು. ಪಿ.ಟಿ. ಮೇಡಂ ಆಗುವ ದಾರಿಗೆ ಹಾಸನದ ಒಂದು ಕಾಲೇಜಿನಲ್ಲಿ ಕ್ರೀಡಾ ಕೋಟಾದ ಸೀಟಿತ್ತು, ಹಾಸ್ಟೆಲ್ ಕೂಡ ಇತ್ತು. ಅವಳ ಅಂಕಕ್ಕೆ ಬೇರೆ ದಾರಿಯಿರಲಿಲ್ಲ. ಅಪ್ಪ ಮಗಳು ಬೆಳಗಿನ ಬಸ್ಸು ಹಿಡಿದು ಹೋದರು. ಬಂದವರ ಆಟ ನೋಡಲು ಮೇಜಿನ ಹಿಂದೆ ಕೂತಿದ್ದವರಲ್ಲಿ ಕಾಂತರಾಜು ಒಬ್ಬರು. ಈ ಸಲ ಆಯ್ಕೆ ಇರುವ ಆಟಗಳಲ್ಲಿ ಬಾಲ್ ಬ್ಯಾಡ್ಮಿಂಟನ್ ಇಲ್ಲ, ಶಟಲ್ ಇದೆ ಎಂದು ಮೆಲ್ಲಗೆ ತಿಳಿಸಿದರು.

ಬೇರೆ ಯಾವ ಅಪ್ಪನಾದರೂ ಅಲ್ಲಿ ಕೈ ಮುಗಿಯುತ್ತಿದ್ದ, ಇಲ್ಲ ಅಳುತ್ತಿದ್ದ. ಗೌರೀಶಂಕರ ವಾದ ಶುರು ಮಾಡಿದ. ಗಾಳಿಯ ಮಾತು, ಇಬ್ಬನಿಯ ಮಾತು, ಐದು ಜನ ಒಂದೇ ಮನಸ್ಸಿನಿಂದ ಆಡಬೇಕಾದ ಮಾತು, ಬೆಂಚಿನ ಮೇಲೆ ಅರೆದು ಅರೆದು ನುಣ್ಣಗಾಗಿದ್ದದ್ದನ್ನೆಲ್ಲ ಆ ಮೇಜಿನ ಮುಂದೆ ಸುರಿದ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು. ಅನುಶ್ರೀ ಅವನ ಅಂಗಿಯ ತೋಳು ಹಿಡಿದು ಎಳೆದಳು.

ಕಾಂತರಾಜು ಪೂರ್ತಿ ಕೇಳಿಸಿಕೊಂಡರು. "ಕಷ್ಟದ ಆಟನೇ ಸಾರ್, ನಾನು ಇಲ್ಲ ಅನ್ನಲ್ಲ," ಎಂದರು. "ಅವತ್ತು ನಿಮ್ಮ ಅಂಗಡೀಗೆ ನಾನೇ ಬಂದಿದ್ನಲ್ಲ. ಮಗಳಿಗೆ ಇಷ್ಟ ಇಲ್ಲ ಅಂದ್ರಿ. ಆಗ್ಲೇ ಕಳಿಸಿದ್ರೆ ಇವತ್ತು ಈ ಹುಡುಗೀನೇ ಮೊದಲನೇ ಹೆಸರು."

ಅವರ ಮಾತಿನಲ್ಲಿ ಚುಚ್ಚುವ ಉದ್ದೇಶವೇ ಇರಲಿಲ್ಲ. ಅದಕ್ಕೇ ಅದು ಆಳಕ್ಕೆ ಇಳಿಯಿತು. ಅನುಶ್ರೀ ತೋಳು ಬಿಟ್ಟಳು.

ವಾಪಸು ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಿದ್ದಳು. ಅರ್ಧ ದಾರಿ ಕಳೆದ ಮೇಲೆ, ಮುಖ ತಿರುಗಿಸದೆ ಕೇಳಿದಳು.

"ನಂಗೆ ಇಷ್ಟ ಇಲ್ಲ ಅಂತ ಯಾಕಪ್ಪ ಅಂದೆ? ನನ್ನ ಒಂದ್ ಮಾತು ಕೇಳ್ಬೋದಿತ್ತಲ್ಲ."

"ಅಂಗಲ್ಲ ಕಣವ್ವ, ಶಟಲ್ ಅನ್ನೋದು..." ಎಂದು ಅವನು ಶುರು ಮಾಡಿದ. ಅವನ ಕಿವಿಗೇ ಆ ದನಿ ಅಸಹ್ಯವಾಯಿತು. ಮಗಳ ಬದುಕನ್ನು ಬೆಂಚಿನ ಮಾತಿಗೆ ಪಣಕ್ಕಿಟ್ಟು ಸೋತೆನಲ್ಲ ಎಂದು ಅನ್ನಿಸಿತು. ತಪ್ಪಾಯಿತು ಎನ್ನಬೇಕಿತ್ತು. ಯಾರ ಹತ್ತಿರವೂ ಆ ಮಾತು ಹೇಳಿ ಅಭ್ಯಾಸವಿಲ್ಲದ ಮನುಷ್ಯ ಊರು ಬರುವವರೆಗೂ ಅದನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ಕೂತ.

ಮನೆಯಲ್ಲಿ ಹೆಂಡತಿ ಭಾಗ್ಯಲಕ್ಷ್ಮಿಗೆ ವಿಷಯ ತಿಳಿದ ಮೇಲೆ ಅವಳು ಗಂಡನ ಜೊತೆ ತೀರಾ ಬೇಕಾದಷ್ಟೇ ಮಾತಾಡತೊಡಗಿದಳು. ಊರಿನ ಕಾಲೇಜಿಗಾದರೂ ಸೇರು ಎಂದರೆ ಅನುಶ್ರೀ ಬೇಡವೆಂದಳು. ಪಕ್ಕದ ಬೀದಿಯ ನಿಸರ್ಗ ಹಾಸನದ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಅವಳ ಜೊತೆ ತಾನೂ ವ್ಯಾನು ಹತ್ತಿದಳು. ಮೈದಾನದ ಕಡೆ ತಿರುಗಿಯೂ ನೋಡಲಿಲ್ಲ. ಗೌರೀಶಂಕರ ಒಬ್ಬನೇ ಕಾಂತರಾಜು ಅವರನ್ನು ಹೋಗಿ ಕಂಡ. ಈಗ ಶುರು ಮಾಡಿದರೆ ತಡವಾಯಿತು ಸಾರ್ ಎಂದು ಅವರು ಬೇಸರದಿಂದಲೇ ಹೇಳಿ ಕಳಿಸಿದರು.

ಬೆಂಚಿನ ಮೇಲೆ ಈಗ ಮಾತು ಕಡಿಮೆ. ಒಂದು ಸಂಜೆ ಪಾಲಾಕ್ಷ ಇದ್ದಕ್ಕಿದ್ದಂತೆ, "ನೋಡ್ಲಾ ಗೌರಿ, ಆಡಕ್ಕೆ ನಿಜವಾಗ್ಲೂ ಕಷ್ಟ ನಿನ್ ಆಟನೇ ಕಣ್ಲಾ. ನಾನು ಒಪ್ಕತೀನಿ," ಎಂದ. ಇಷ್ಟು ವರ್ಷ ಒಂದು ದಿನವೂ ಸೋಲೊಪ್ಪದಿದ್ದವನು ಸಾವಿನ ಮನೆಗೆ ಬಂದವನ ಹಾಗೆ ದನಿ ತಗ್ಗಿಸಿದ್ದ. ಗೌರೀಶಂಕರನಿಗೆ ಆ ಗೆಲುವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ತಲೆ ತಗ್ಗಿಸಿ ತಂತಿ ಸುತ್ತುತ್ತಲೇ ಇದ್ದ.

ಅಷ್ಟರಲ್ಲಿ ಗಾರ್ಮೆಂಟ್ಸ್ ವ್ಯಾನು ಬಂದು ನಿಂತಿತು. ಊಟದ ಡಬ್ಬಿ ಹಿಡಿದು ಅನುಶ್ರೀ ಇಳಿದಳು. ಏನಾದರೂ ಮಾತಾಡಿಸಿ ನಗಿಸೋಣವೆಂದು ರವೀಂದ್ರ ಕೂಗಿ ಕರೆದ. ಎಲ್ಲಕ್ಕಿಂತ ಕಷ್ಟದ ಆಟ ಯಾವುದು, ನೀನೇ ಒಂದು ತೀರ್ಮಾನ ಕೊಡವ್ವ ಎಂದ.

ಅವಳಿಗೆ ಕೋಪವೇನೂ ಬಂದಂತೆ ಕಾಣಲಿಲ್ಲ. ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ನಿಂತಳು.

"ನಂಗೆಂಗ್ ಗೊತ್ತಾಯ್ತದೆ ಮಾವ," ಎಂದಳು. "ನಾನು ಆಡಿರೋದು ಒಂದೇ."

ಹಾಗೆಂದು ಮನೆ ಕಡೆ ನಡೆದಳು.