ಅಂಬವ್ವನ ಪಾಳಿ

ನಮ್ಮ ಅಂಬವ್ವತ್ತೆಗೆ ಮರಾಠಿ ಬರುವುದಿಲ್ಲ ಎಂದು ಅವಳೆದುರು ಯಾರಾದರೂ ಹೇಳಿ ನೋಡಲಿ! ಅವಳು ನನ್ನ ಅಪ್ಪನ ಅಕ್ಕ. ಅವಳ ಇಪ್ಪತ್ತೆಂಟನೇ ವಯಸ್ಸಿಗೆ ಗಂಡ ತೀರಿದ. ಬಿಜಾಪುರ ಬಿಟ್ಟು ಪರೇಲಿಗೆ ಬಂದಳು. ಬಟ್ಟೆ ಗಿರಣಿಯಲ್ಲಿ ನೂಲು ಸುತ್ತುವ ಕೆಲಸ ಹಿಡಿದು ಹದಿನೆಂಟು ವರ್ಷ ಯಾರ ಹಂಗಿಲ್ಲದೆ ಬದುಕಿದಳು. ಅಂಥವಳ ಮೇಲೆ ನನಗೆ ಹೆಮ್ಮೆಯೂ ಇತ್ತು, ಸಿಟ್ಟೂ ಇತ್ತು. ಯಾರ ಮಾತನ್ನೂ ಕೇಳುತ್ತಿರಲಿಲ್ಲ.

೧೯೫೬ರ ಮಳೆಗಾಲದಲ್ಲಿ, ನಾವೆಲ್ಲ ಇದ್ದ ಸಾಲುಕೋಣೆಗಳ ಚಾಳಿನ ನಳದ ಹತ್ತಿರ ಜಾರಿ ಕುಸಿದಳು. ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ಅದು ಕೂಡಿಕೊಂಡು ವರ್ಷವಾಗಿರಲಿಲ್ಲ, ನೀರಿನ ಕೊಡ ಎತ್ತುವಾಗ ಬೆನ್ನು ಹಿಡಿಯಿತು. ಗಿರಣಿಯವರು ಖಡಾಖಂಡಿತವಾಗಿ ಹೇಳಿದರು: ಡಾಕ್ಟರು ಫಿಟ್ ಎಂದು ಬರೆದುಕೊಟ್ಟರೆ ಬಾ, ಇಲ್ಲದಿದ್ದರೆ ನಿನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ. ಅತ್ತೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಆಸ್ಪತ್ರೆಗೆ ನಾನೂ ಹೋದೆ. ಬಾಗಿಲಲ್ಲೇ ತಾಕೀತು ಮಾಡಿದಳು.

"ಚಂದ್ರವ್ವಾ, ನೀ ಬಾಯಿ ಮುಚ್ಚಿಕೊಂಡು ಕೂಡು. ಮರಾಠಿ ನನಗ ಬರತೈತಿ."

ಡಾಕ್ಟರ್‌ಬಾಯಿ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮರಾಠಿಯಲ್ಲಿ ಕೇಳಿದರು: "ಪಾಳಿ ಯಾವಾಗ ನಿಂತಿತು?"

"ಹದಿನೈದು ದಿನ ಆತು ಬಾಯಿ, ಬೆನ್ನು ಹಿಡದಾಗಿಂದ." ಅತ್ತೆಯ ಮರಾಠಿಯಲ್ಲಿ ಬಿಜಾಪುರವೇ ಹೆಚ್ಚು.

"ಅದಕ್ಕೆ ಮೊದಲು ಸರಿಯಾಗಿತ್ತೇ?"

"ಏನ್ ಕೇಳತೀರಿ! ಹದಿನೆಂಟು ವರ್ಷ, ದಿನಾ, ಮುಂಜಾನೆ ಏಳಕ್ಕ ಸರಿಯಾಗಿ!"

"ದಿನಾ?"

"ದಿನಾ! ಐತವಾರ ಅಷ್ಟ ಸೂಟಿ."

ಡಾಕ್ಟರ್‌ಬಾಯಿಯ ಕೈಯಿಂದ ಪೆನ್ನು ಬಿತ್ತು. ನನಗೆ ನಗು ತಡೆಯಲಾಗಲಿಲ್ಲ. ಮರಾಠಿಯಲ್ಲಿ ಗಿರಣಿಯ ಸರದಿಯೂ ಪಾಳಿ, ಹೆಂಗಸರ ಮುಟ್ಟೂ ಪಾಳಿ. ಅತ್ತೆಗೆ ಅದು ಗೊತ್ತಿಲ್ಲವೆಂದಲ್ಲ. ಜಾಗ ಹೋಗುವ ಭಯದಲ್ಲಿ ಅವಳ ತಲೆ ತುಂಬ ಒಂದೇ ಪಾಳಿ ಇತ್ತು.

"ಅತ್ತೀ, ಗಿರಣಿ ಪಾಳಿ ಅಲ್ಲ. ತಿಂಗಳದ್ದು ಕೇಳಾಕತ್ತಾರ," ಎಂದು ಕಿವಿಯಲ್ಲಿ ಹೇಳಿದೆ.

ಅತ್ತೆಯ ಮುಖ ಕೆಂಪೇರಿತು. ಗೋಡೆ ನೋಡುತ್ತ ಮೆಲ್ಲಗೆ ಹೇಳಿದಳು. "ಅದು ನಿಂತು ಎಂಟು ವರ್ಷ ಆತು. ಮೂವತ್ತೆಂಟಕ್ಕ ನಿಂತೈತಿ. ಪೀಡಾ ಹೋತು ಅಂತ ಸುಮ್ಮನಾದೆ. ಯಾರಿಗೂ ಹೇಳಿಲ್ಲ."

ಡಾಕ್ಟರ್‌ಬಾಯಿ ಕುರ್ಚಿಯಿಂದ ಎದ್ದೇ ಬಿಟ್ಟರು. ಕಳೆದುಹೋದ ಕೀಲಿಕೈ ಸಿಕ್ಕಿದಷ್ಟು ಖುಷಿ ಅವರಿಗೆ! ಮುಟ್ಟು ಬರುವಷ್ಟು ಕಾಲ ಮೈಯಲ್ಲಿ ಒಂದು ಹಾರ್ಮೋನು ಹುಟ್ಟುತ್ತದೆ, ಅದು ಮೂಳೆಯನ್ನೂ ಕಾಯುತ್ತದೆ, ಮುಟ್ಟು ನಿಂತಾಗ ಅದೂ ಕಡಿಮೆಯಾಗುತ್ತದೆ ಎಂದು ಬಿಡಿಸಿ ಹೇಳಿದರು. ಬೇರೆಯವರಿಗೆ ಐವತ್ತರ ಹತ್ತಿರ ಆಗುವುದು ಅತ್ತೆಗೆ ಹತ್ತು ವರ್ಷ ಮೊದಲೇ ಆಗಿತ್ತು. ಅವಳ ಮೂಳೆಗಳು ಒಳಗೊಳಗೇ ತೆಳ್ಳಗಾಗಿದ್ದವು. ಈಗ ಆ ಹಾರ್ಮೋನನ್ನೇ ಗುಳಿಗೆಯಾಗಿ ಕೊಡುತ್ತಾರಂತೆ! ಜೊತೆಗೆ ಹಾಲು, ಬಿಸಿಲು, ನಡಿಗೆ. ಕೊಡ ಎತ್ತಬಾರದು.

"ಮತ್ತ ಫಿಟ್ ಚೀಟಿ?" ಎಂದು ಅತ್ತೆ ಕೇಳಿದಳು.

"ಇವತ್ತು ಬರೆಯಲಾರೆ. ಬರೆದರೆ ಇನ್ನೊಂದು ಮೂಳೆ ಮುರಿದುಕೊಂಡು ಬರುತ್ತೀರಿ. ಮೂರು ತಿಂಗಳು ಜಾಗ ಕಾಯ್ದಿಡಿ ಎಂದು ಗಿರಣಿಗೆ ನಾನೇ ಬರೆಯುತ್ತೇನೆ."

ಆ ಮೂರು ತಿಂಗಳು ಚಾಳಿಗೆಲ್ಲ ತಮಾಷೆ. ಅತ್ತೆ ಮೂಗು ಹಿಡಿದು ಹಾಲು ಕುಡಿದಳು. ಖೋಲಿಗಳ ಮುಂದಿನ ಉದ್ದ ಗ್ಯಾಲರಿಯ ಈ ತುದಿಯಿಂದ ಆ ತುದಿಗೆ ನಡೆದಳು. ಅವಳ ಕೊಡ ನಾನು ಹೊತ್ತೆ. ಗಿರಣಿ ಜಾಗ ಇಟ್ಟುಕೊಳ್ಳುತ್ತದೋ ಇಲ್ಲವೋ ಎಂದು ದಿನವೂ ನನ್ನನ್ನೇ ಕೇಳುತ್ತಿದ್ದಳು.

ಕೊನೆಗೆ ಒಂದು ಮಧ್ಯಾಹ್ನ, ಗಿರಣಿಯವರು ಒಪ್ಪಿದ ಫಿಟ್ ಚೀಟಿ ಹಿಡಿದು ಮೆಟ್ಟಿಲು ಹತ್ತುತ್ತಲೇ ಮರಾಠಿಯಲ್ಲಿ ಕೂಗಿದಳು: "ನನ್ನ ಪಾಳಿ ಮತ್ತ ಚಾಲೂ ಆತೂ!"

ಮರಾಠಿ ಹೆಂಗಸರೆಲ್ಲ ಗಾಬರಿಯಿಂದ ಹೊರಗೆ ಬಂದರು. "ಈ ವಯಸ್ಸಿನಲ್ಲಿ?" ಎಂದಳು ಒಬ್ಬಳು. ನಾನು ನಕ್ಕು ನಕ್ಕು ಕೆಳಗೇ ಕುಳಿತೆ. ಅತ್ತೆಗೆ ಈ ಸಲ ನಾಚಿಕೆಯೇ ಆಗಲಿಲ್ಲ. ಗ್ಯಾಲರಿಯಲ್ಲಿ ನಿಂತು ಎರಡೂ ಪಾಳಿಗಳ ಕಥೆ, ಮೂಳೆಯ ಕಥೆ, ಗುಳಿಗೆಯ ಕಥೆ ಎಲ್ಲ ಹೇಳಿದಳು. ನನಗೆ ನಗುತ್ತಲೇ ಕಣ್ಣು ತುಂಬಿತು.

ಎಲ್ಲರೂ ಒಳಗೆ ಹೋದ ಮೇಲೆ ಪಕ್ಕದ ಖೋಲಿಯ ಮರಾಠಿ ಅಜ್ಜಿ ಉಳಿದಳು. ಅವಳ ಬೆನ್ನು ವರ್ಷ ವರ್ಷ ಬಾಗುತ್ತಿದ್ದುದನ್ನು ನಾವೆಲ್ಲ ನೋಡಿದ್ದೆವು.

"ಅಂಬಾಬಾಯಿ, ನನಗೂ ಹಾಗೇ ಏನೋ. ಡಾಕ್ಟರ ಮುಂದೆ ಇಂಥದ್ದು ಹೇಗೆ ಹೇಳಲಿ?"

ಅತ್ತೆ ಅವಳ ಕೈ ಹಿಡಿದಳು. "ನಾ ಕರಕೊಂಡು ಹೋಗತೀನಿ. ನೀ ಸುಮ್ಮನ ಕೂಡು, ನಾ ಮಾತಾಡತೀನಿ. ನನಗ ಮರಾಠಿ ಬರತೈತಿ."