ಸಾಹೇಬರ ತಿರುಗುವ ಕುರ್ಚಿ

ಕೇಳಿ ಗೆಳೆಯರೇ, ನಮ್ಮ ಯಲಬುರ್ಗಾ ಕಚೇರಿಯಲ್ಲಿ ಇವತ್ತು ಒಂದು ಕುರ್ಚಿಯಿಂದ ನನ್ನ ನೌಕರಿ ಹೋಗುವುದರಲ್ಲಿತ್ತು. ಸಾಹೇಬರ ಬೆನ್ನುನೋವಿಗೆಂದು ಗಂಗಾವತಿಯಿಂದ ತಿರುಗುವ ಕುರ್ಚಿ ಆರಿಸಿ ತಂದ ಗುಮಾಸ್ತ ನಾನೇ. ಗಟ್ಟಿ ಇದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯವನು ಅದರ ಮೇಲೆ ಭತ್ತದ ಚೀಲ ಹೇರಿ, "ನೋಡ್ರಿ, ಅಲಗಾಡ್ತೈತೇನು?" ಎಂದಿದ್ದ. ಅಲುಗಾಡಲಿಲ್ಲ, ತಂದುಬಿಟ್ಟೆ.

ಆದರೆ ಭತ್ತದ ಚೀಲ ಹಿಂದಕ್ಕೆ ಒರಗುವುದಿಲ್ಲ, ಸಾಹೇಬರು ಒರಗುತ್ತಾರೆ. ಇದು ನನಗೆ ಹೊಳೆದದ್ದು, ಇವತ್ತು ಕುರ್ಚಿಗೆ ಕುಂಕುಮ ಹಚ್ಚಿ ಅವರನ್ನು ಕೂರಿಸಿದ ಮೇಲೆ. ಅವರು ಒರಗಿದಾಗೆಲ್ಲ ಅದು ಕಿರ್ರೆನ್ನುತ್ತಿತ್ತು, ನಾನು ಹಿಂದೆ ನಿಂತು ಹಿಡಿಯಲು ಕೈ ಚಾಚುತ್ತಿದ್ದೆ.

"ಕುರ್ಚಿ ಭಾಳ ಛಲೋ ಐತಿ. ಅಂಗಡ್ಯಾಗ ಯಾರು ಕುಂತು ನೋಡಿದ್ರಿ?" ಎಂದರು ಸಾಹೇಬರು.

ಸಾಹೇಬರ ಕುರ್ಚಿಯಲ್ಲಿ ಅವರಿಗಿಂತ ಮೊದಲು ಕೂರುವ ಪದ್ಧತಿ ನಮ್ಮಲ್ಲಿಲ್ಲ. "ಯಾರೂ ಕುಂತಿಲ್ರಿ. ನೀವ ಮೊದಲ ಕುಂತವ್ರು," ಎಂದೆ, ವಿನಯದಿಂದ.

ಸಾಹೇಬರು ಎರಡೂ ಕೈ ಊರಿ ಮೆಲ್ಲಗೆ ಎದ್ದರು. "ಹಂಗಾದ್ರ ಒಂದು ವಾರ ನೀವು ಕುಂತು ನೋಡ್ರಿ," ಎಂದು ಹಳೆಯ ಕಟ್ಟಿಗೆ ಕುರ್ಚಿಗೆ ಹೋದರು.

ಅರ್ಜಿ ಹಿಡಿದು ಬಂದವರೆಲ್ಲ ಸಂಜೆಯವರೆಗೆ ನನಗೇ ಕೈಮುಗಿದರು. ನಾನು ಮಾತ್ರ ಇನ್ನೂ ಒರಗಿಲ್ಲ.