ತಡವಾದ ಬಂದೂಕಿನ ಲೈಸೆನ್ಸು

"ನನ್ನ ಬಂದೂಕಿನ ಅರ್ಜಿ ವಾಪಸ್ ಕೊಡ್ರಿ ಸಾಹೇಬ್ರ" ಎಂದು ಸಿದ್ರಾಮಪ್ಪನವರು ಮೇಜಿನ ಮುಂದೆ ನಿಂತಾಗ ನಾನು ಬೈಗುಳ ಕೇಳಲು ಸಿದ್ಧನಾದೆ. ತೊಂಬತ್ತರ ದಶಕದಲ್ಲಿ ನಾನು ವಿಜಾಪುರ ಜಿಲ್ಲೆಯ ಒಂದು ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹಂದಿ ಕಾಟಕ್ಕೆಂದು ತೆಗೆದುಕೊಂಡಿದ್ದ ಬಂದೂಕಿನ ಲೈಸೆನ್ಸನ್ನು ಹಿರಿಯ ಮಗನ ಹೆಸರಿಗೆ ಬದಲಾಯಿಸಲು ಅವರು ಅರ್ಜಿ ಕೊಟ್ಟು ಏಳು ತಿಂಗಳಾಗಿತ್ತು. ಬದಲಾಗುವವರೆಗೆ ಇರಲೆಂದು ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಿದ್ದರು. ಸಂತೆಗೆ ಬಂದಾಗಲೆಲ್ಲ ವಿಚಾರಿಸುತ್ತಿದ್ದರು, ನಾನು ಮುಂದಿನ ವಾರ ಎನ್ನುತ್ತಿದ್ದೆ.

"ತಡಾ ಆಗೇತಿ ಖರೆ. ಸಿಟ್ಟಾಗಬ್ಯಾಡ್ರಿ ಕಾಕಾ" ಎಂದೆ.

"ಸಿಟ್ಟ್ಯಾಕ್ರಿ? ನೀವು ತಡಾ ಮಾಡಿದ್ದಕ್ಕ ನನ್ನ ಸಣ್ಣ ಮಗ ಉಳದಾನ" ಎಂದರು.

ಹಿಂದಿನ ವಾರ ನಿಂಬೆ ತೋಟಕ್ಕೆ ನೀರು ಬಿಡುವ ವಿಷಯಕ್ಕೆ ಅಣ್ಣತಮ್ಮಂದಿರು ಬಡಿದಾಡಿದ್ದರಂತೆ. ಹಿರಿಯವನು ಮನೆಯೊಳಗೆ ಓಡಿ, ಬಂದೂಕು ತೂಗುಹಾಕುತ್ತಿದ್ದ ಗೂಟಕ್ಕೆ ಕೈ ಹಾಕಿದನಂತೆ.

"ಠಾಣೇದಾಗ ಐತಿ ಅನ್ನೂದು ಸಿಟ್ಟಿನಾಗ ಅವಗ ನೆನಪ ಇರಲಿಲ್ರಿ. ಬರೇ ಗೂಟ ಹಿಡ್ಕೊಂಡು ಅಳಾಕತ್ತಿದ್ದ. ಸಣ್ಣಾಂವನ್ನ ಮುದ್ದೇಬಿಹಾಳಕ್ಕ ಅವರ ಅಕ್ಕನ ಮನಿಗೆ ಕಳಿಸೇನಿ. ಇನ್ನ ಆ ಬಂದೂಕು ನಮ್ಮ ಮನಿಗೆ ಬ್ಯಾಡ್ರಿ."

ಅರ್ಜಿ ತೆಗೆದುಕೊಟ್ಟೆ. ಪೊಲೀಸ್ ವರದಿಗೆ ಕಳಿಸಬೇಕಿದ್ದ ಅದು ನಾಲ್ಕು ತಿಂಗಳಿಂದ ನನ್ನ ಕಪಾಟಿನಲ್ಲೇ ಇತ್ತು, ಬರೀ ನನ್ನ ಸೋಮಾರಿತನದಿಂದ. ಅದನ್ನು ಅವರಿಗೆ ಹೇಳುವ ಧೈರ್ಯವಾಗಲಿಲ್ಲ. ನಿವೃತ್ತನಾಗುವವರೆಗೆ ಮತ್ತೆ ಯಾರ ಅರ್ಜಿಯನ್ನೂ ಹಾಗೆ ಇಟ್ಟುಕೊಳ್ಳಲಿಲ್ಲ. ಆದರೆ ಆ ಯಜಮಾನರು ಹೇಳಿದ ಉಪಕಾರದ ಮಾತು ನನಗೆ ಸಲ್ಲಬೇಕಾದದ್ದು ಎಂದು ಇಂದಿಗೂ ಅನಿಸಿಲ್ಲ.